ಮೇಕಪ್ ಏರ್ ಹೀಟರ್‌ನ ಬಿಸಿ ಹದಕ್ಕೆ ಬರುತ್ತಿಲ್ವಾ? ಸೆಟ್‌ಪಾಯಿಂಟ್ ಮುಟ್ಟುವ ಮೊದಲು ಈ ಕ್ರಮದಲ್ಲಿ ನೋಡಿ

ಎಕ್ಸಾಸ್ಟ್ ಫ್ಯಾನ್ ಎಳೆದು ಹಾಕಿದ ಗಾಳಿಯ ಬದಲಿಗೆ ಹೊರಗಾಳಿಯನ್ನು ಬಿಸಿ ಮಾಡಿ ಒಳಗೆ ಬಿಡುವ ಮೇಕಪ್ ಏರ್ ಹೀಟರ್ ಬಗ್ಗೆ ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "70° ಫ್ಯಾರನ್‌ಹೀಟ್‌ಗೆ ಇಟ್ಟಿದ್ದೇನೆ, 85 ಬರುತ್ತಿದೆ." "ಉರಿ ಏರುತ್ತೆ, ಇಳಿಯುತ್ತೆ, ಒಂದು ಕಡೆ ನಿಲ್ಲೋದೇ ಇಲ್ಲ." "ಬೆಳಗ್ಗೆ ನಡುಕ, ಮಧ್ಯಾಹ್ನ ಸೆಕೆ." ಕೇಳುವವರು ಅಷ್ಟರಲ್ಲಿ ಮಾಡಿರುವುದೂ ಒಂದೇ. ಮೊದಲು ಡಯಲ್ ತಿರುಗಿಸಿರುತ್ತಾರೆ, ಆಮೇಲೆ ಸೆನ್ಸರ್ ಬದಲಿಸಿರುತ್ತಾರೆ, ಅದಕ್ಕೂ ಬಗ್ಗದಿದ್ದರೆ ದುಬಾರಿ ಬೋರ್ಡನ್ನೇ ಬದಲಿಸಿರುತ್ತಾರೆ. ತೊಂದರೆ ಇದ್ದದ್ದು ಫಿಲ್ಟರ್‌ನಲ್ಲೋ, ಸಣ್ಣ ಉರಿಯ ಸ್ಕ್ರೂನಲ್ಲೋ.

ನೋಡಬೇಕಾದ ಕ್ರಮ ಇಷ್ಟೇ: ಗಾಳಿ, ಗ್ಯಾಸ್ ಒತ್ತಡ, ದೊಡ್ಡ ಉರಿ (ಬರ್ನರ್‌ನ ಗರಿಷ್ಠ), ಸಣ್ಣ ಉರಿ (ಕನಿಷ್ಠ), ಕೊನೆಗೆ ಕಂಟ್ರೋಲ್. ಇದನ್ನು ಹಿಂದುಮುಂದು ಮಾಡಿದರೆ ಒಂದನ್ನು ಸರಿ ಮಾಡಿದಾಗ ಇನ್ನೊಂದು ಕೆಡುತ್ತದೆ, ಕೊನೆಗೆ ಯಾವುದು ಮೂಲ ಸೆಟ್ಟಿಂಗ್ ಎಂದೇ ಗೊತ್ತಾಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಡೈರೆಕ್ಟ್ ಫೈರ್ಡ್ ಹೀಟರ್‌ಗಳ ಬಗ್ಗೆ. ಟೊರಾಂಟೊ, ಬ್ರಾಂಪ್ಟನ್, ಮಿಸಿಸಾಗಾ ಕಡೆಯ ಪೇಂಟ್ ಶಾಪ್, ವೆಲ್ಡಿಂಗ್ ಶಾಪ್‌ಗಳ ಮಾಳಿಗೆ ಮೇಲೆ ಕೂತಿರುತ್ತವಲ್ಲ, ಅವೇ. ಎಕ್ಸಾಸ್ಟ್ ಫ್ಯಾನ್ ಎಳೆದು ಹಾಕಿದಷ್ಟು ಗಾಳಿಯನ್ನು ಹೊರಗಿನಿಂದ ತಂದು, ಬಿಸಿ ಮಾಡಿ ಒಳಗೆ ಬಿಡುತ್ತವೆ. ಉರಿ ಗಾಳಿಯ ಹರಿವಿನಲ್ಲೇ ಇರುತ್ತದೆ, ಚಿಮಣಿ ಇಲ್ಲ. ಹೀಟ್ ಎಕ್ಸ್‌ಚೇಂಜರ್ ಇರುವ ಇಂಡೈರೆಕ್ಟ್ ಹೀಟರ್‌ಗೆ ಮುಂದಿನ ಅಂಕಿಗಳು ಹೊಂದುವುದಿಲ್ಲ.

ಇನ್ನೊಂದು ಮಾತು. ಒಂಟಾರಿಯೊದಲ್ಲಿ ಗ್ಯಾಸ್ ಸೆಟ್ಟಿಂಗ್ ಮುಟ್ಟಲು ಅಲ್ಲಿನ ಸುರಕ್ಷತಾ ಸಂಸ್ಥೆ ಟಿಎಸ್‌ಎಸ್‌ಎಯ ಲೈಸೆನ್ಸ್ ಬೇಕು. ಜಿ2 ದರ್ಜೆಯ ಲೈಸೆನ್ಸ್ ಇದ್ದವರಿಗೆ ಗಂಟೆಗೆ 4,00,000 ಬಿಟಿಯು (ಬಿಸಿಯ ಅಳತೆ) ತನಕ, ಅದಕ್ಕಿಂತ ದೊಡ್ಡದಕ್ಕೆ ಜಿ1. ಫ್ಯಾಕ್ಟರಿ ಹೀಟರ್‌ಗಳು ಬಹುತೇಕ ಈ ಮಿತಿ ಮೀರಿದವೇ. ನೀವು ಬರೀ ಮೇಂಟೆನೆನ್ಸ್‌ನವರಾದರೆ ಹಂತ 1, ಹಂತ 2 ಮತ್ತು ಹಂತ 6ರ ಅಳತೆಗಳನ್ನು ಮಾಡಿಟ್ಟುಕೊಳ್ಳಿ. ಗ್ಯಾಸ್‌ನವರು ಬಂದಾಗ ಅವರ ಅರ್ಧ ಕೆಲಸ ಮುಗಿದಿರುತ್ತದೆ, ನಿಮ್ಮ ಬಿಲ್ಲೂ ಇಳಿಯುತ್ತದೆ.

ಈ ಹೀಟರ್ ಬಿಸಿಯನ್ನು ಹೇಗೆ ಹಿಡಿತದಲ್ಲಿಡುತ್ತದೆ

ಮನೆಯ ಫರ್ನೇಸ್ ಥರ ಇದು ಆನ್-ಆಫ್ ಆಗುವ ಯಂತ್ರವಲ್ಲ. ಸಾಮಾನ್ಯವಾಗಿ ಗಾಳಿಯ ಪ್ರಮಾಣ ಒಂದೇ ಇರುತ್ತದೆ, ಗ್ಯಾಸ್ ಮಾತ್ರ ಹೆಚ್ಚು ಕಡಿಮೆ ಆಗುತ್ತದೆ. ಫ್ಯಾನ್ ದಾಟಿದ ಮೇಲೆ ಗಾಳಿ ಎಷ್ಟು ಬಿಸಿ ಇದೆ ಎಂದು ಡಿಸ್ಚಾರ್ಜ್ ಸೆನ್ಸರ್ ಹೇಳುತ್ತದೆ. ಆಂಪ್ಲಿಫೈಯರ್ ಎಂಬ ಕಂಟ್ರೋಲ್ ಬೋರ್ಡ್ ಅದನ್ನು ಸೆಟ್‌ಪಾಯಿಂಟ್ (ನೀವು ಇಟ್ಟ ತಾಪ) ಜೊತೆ ತಾಳೆ ನೋಡಿ, ಗ್ಯಾಸ್ ಹೆಚ್ಚು ಕಡಿಮೆ ಮಾಡುವ ಮಾಡ್ಯುಲೇಟಿಂಗ್ ವಾಲ್ವ್‌ಗೆ ಡಿಸಿ ವೋಲ್ಟೇಜ್ ಕಳಿಸುತ್ತದೆ. ವಾಲ್ವ್ ಅಷ್ಟಕ್ಕೆ ತಕ್ಕಂತೆ ತೆರೆದುಕೊಳ್ಳುತ್ತದೆ.

ಕೋಣೆಯ ಥರ್ಮೋಸ್ಟಾಟ್ ನೇರವಾಗಿ ಉರಿಯನ್ನು ಆಳುತ್ತದೆ ಎಂದು ತುಂಬಾ ಜನ ಅಂದುಕೊಂಡಿರುತ್ತಾರೆ. ಮ್ಯಾಕ್ಸಿಟ್ರಾಲ್ ಕಂಪನಿಯ ಸರಣಿ 14 ಕಂಟ್ರೋಲ್ ಇದ್ದರೆ ಅದು ಹಿಡಿಯುವುದು ಡಿಸ್ಚಾರ್ಜ್ ಗಾಳಿಯ ತಾಪವನ್ನು, ಕೋಣೆಯದ್ದನ್ನಲ್ಲ. ಸರಣಿ 44 ಆದರೆ ಕೋಣೆಯ ತಾಪ ನೋಡುತ್ತದೆ, ಆಗಲೂ ಡಿಸ್ಚಾರ್ಜ್‌ಗೆ ಕನಿಷ್ಠ, ಗರಿಷ್ಠ ಮಿತಿ ಇರುತ್ತದೆ. ನಿಮ್ಮದು ಯಾವುದು ಎಂದು ಮೊದಲು ನೋಡಿಕೊಳ್ಳಿ. ಡಿಸ್ಚಾರ್ಜ್ ಹಿಡಿಯುವ ಹೀಟರ್ ಮುಂದೆ ನಿಂತು "ಕೋಣೆ ಬಿಸಿಯಾಗ್ತಿಲ್ಲ" ಅಂದರೆ ಅದೇನು ಮಾಡೀತು?

ಒಂದೇ ಒಂದು ಲೆಕ್ಕ ಕೈಯಲ್ಲಿರಲಿ. ಗಾಳಿಗೆ ಬೇಕಾದ ಬಿಸಿ, ಗಂಟೆಗೆ ಬಿಟಿಯುನಲ್ಲಿ = 1.08 × ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) × ಏರಬೇಕಾದ ಫ್ಯಾರನ್‌ಹೀಟ್ ಡಿಗ್ರಿ. 10,000 ಸಿಎಫ್‌ಎಂ ಹೀಟರ್, ಹೊರಗೆ 0° ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 18 ಸೆಲ್ಸಿಯಸ್, ಒಳಗೆ 70° ಬೇಕು ಅಂದುಕೊಳ್ಳಿ. 1.08 × 10,000 × 70 = 7,56,000. ಡೈರೆಕ್ಟ್ ಫೈರ್ಡ್‌ನಲ್ಲಿ ಗ್ಯಾಸ್‌ನ ಶಕ್ತಿಯ ಸುಮಾರು 92 ಶೇಕಡ ಗಾಳಿಯನ್ನು ಬಿಸಿ ಮಾಡಲು ಸಿಗುತ್ತದೆ, ಉಳಿದದ್ದು ನೀರಾವಿಯಲ್ಲಿ ಹೋಗುತ್ತದೆ. ಹಾಗಾಗಿ ಬರ್ನರ್‌ಗೆ ಬೇಕಾದದ್ದು ಸುಮಾರು 8,22,000. ಇದೇ ಹೀಟರ್ ಅನ್ನು ಮುಂದೆಯೂ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ, ಡಿಗ್ರಿಗಳೆಲ್ಲ ಫ್ಯಾರನ್‌ಹೀಟ್‌ನಲ್ಲೇ.

ಬೇಕಾಗುವ ಸಾಮಾನು

ಎರಡು ಮ್ಯಾನೋಮೀಟರ್, ಅಂದರೆ ಒತ್ತಡ ಅಳೆಯುವ ಮೀಟರ್, ಬೇಕು. ಒಂದು 0ರಿಂದ 2 ಇಂಚು ನೀರಿನ ಒತ್ತಡಕ್ಕೆ, ಇನ್ನೊಂದು ಗ್ಯಾಸ್ ಲೈನ್‌ಗೆ. ಒಂದರಲ್ಲೇ ಎರಡೂ ಅಳೆಯಲು ಹೋದರೆ ಸಣ್ಣ ಒತ್ತಡ ಸರಿಯಾಗಿ ಕಾಣುವುದಿಲ್ಲ. ಡಿಸಿ ವೋಲ್ಟ್ ಮತ್ತು ಮಿಲಿಆಂಪ್ ಓದುವ ಮಲ್ಟಿಮೀಟರ್, ಉದ್ದ ಪ್ರೋಬ್ ಇರುವ ಥರ್ಮಾಮೀಟರ್, ಸೋಪಿನ ನೀರು, ಸ್ಟಾಪ್‌ವಾಚ್, ಅಂಗಿಗೆ ಸಿಕ್ಕಿಸುವ ಸಿಓ (ಕಾರ್ಬನ್ ಮಾನಾಕ್ಸೈಡ್) ಮೀಟರ್. ಜೊತೆಗೆ ಮ್ಯಾನುಯಲ್, ವೈರಿಂಗ್ ಚಿತ್ರ, ನೇಮ್‌ಪ್ಲೇಟಿನ ಫೋಟೋ. ನೇಮ್‌ಪ್ಲೇಟ್ ಇಲ್ಲದೆ ಕೆಲಸ ಶುರು ಮಾಡಲೇಬೇಡಿ. ಮುಂದೆ ನಾನು ಕೊಡುವ ಅಂಕಿಗೂ ನಿಮ್ಮ ಪ್ಲೇಟಿಗೂ ಜಗಳ ಬಂದರೆ ಪ್ಲೇಟೇ ಸರಿ.

ಹಂತ 1: ಏನನ್ನೂ ತಿರುಗಿಸದೆ ಬರೆದುಕೊಳ್ಳಿ

ಬೆಳಗ್ಗೆ, ಮಧ್ಯಾಹ್ನ, ಸಂಜೆ ನಾಲ್ಕು ಸಂಗತಿ ಬರೆಯಿರಿ: ಹೊರಗಿನ ತಾಪ, ಡಿಸ್ಚಾರ್ಜ್ ತಾಪ, ವಾಲ್ವ್‌ಗೆ ಹೋಗುವ ವೋಲ್ಟೇಜ್, ನೋಡುಕಿಂಡಿಯಲ್ಲಿ ಉರಿ ಹೇಗಿದೆ. ಡಿಸ್ಚಾರ್ಜ್ ತಾಪವನ್ನು ನಿಮ್ಮದೇ ಥರ್ಮಾಮೀಟರ್‌ನಲ್ಲಿ ಅಳೆಯಿರಿ, ಪ್ಯಾನೆಲ್ ತೋರಿಸಿದ್ದನ್ನು ನಂಬಬೇಡಿ.

ಇಷ್ಟರಲ್ಲೇ ಅರ್ಧ ಉತ್ತರ ಸಿಗುತ್ತದೆ. ಬಿಸಿ ಜಾಸ್ತಿ ಆಗುವುದು ಹೊರಗೆ ಚಳಿ ಕಡಿಮೆ ಇದ್ದಾಗ ಮಾತ್ರವೇ? ಹಾಗಾದರೆ ಸಣ್ಣ ಉರಿಯ ಮೇಲೆ ಅನುಮಾನ. ಕೊರೆಯುವ ಚಳಿಯ ಬೆಳಗ್ಗೆ ಮಾತ್ರ ಬಿಸಿ ಸಾಲದೇ? ಗ್ಯಾಸ್ ಒತ್ತಡ ಅಥವಾ ದೊಡ್ಡ ಉರಿ. ಎಲ್ಲ ಹವೆಯಲ್ಲೂ ಒಂದೇ ಅಂತರದಲ್ಲಿ ತಪ್ಪೇ? ಆಗ ಮಾತ್ರ ಸೆನ್ಸರ್, ಡಯಲ್ ಕಡೆ ನೋಡಿ.

ಹಂತ 2: ಗಾಳಿ

ಫಿಲ್ಟರ್, ಬೆಲ್ಟ್, ಡ್ಯಾಂಪರ್, ಹೊರಗಿನ ಜಾಲರಿ. ಬೆಲ್ಟ್ ಜಾರುತ್ತಿದ್ದರೆ, ಡ್ಯಾಂಪರ್ ಮುಕ್ಕಾಲು ತೆರೆದು ನಿಂತಿದ್ದರೆ, ಜಾಲರಿಗೆ ಹಿಮ ಮೆತ್ತಿದ್ದರೆ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ. ಎಕ್ಸಾಸ್ಟ್ ಫ್ಯಾನ್‌ಗಳು ದಿನವೂ ಓಡುವ ಹಾಗೇ ಓಡುತ್ತಿರಲಿ, ಬಾಗಿಲುಗಳೂ ಹಾಗೇ ಇರಲಿ.

ಆಮೇಲೆ ಬರ್ನರ್‌ನ ಆಚೆ-ಈಚೆ ಒತ್ತಡದ ವ್ಯತ್ಯಾಸ ಅಳೆಯಿರಿ. ಬರ್ನರ್ ಸುತ್ತ ತಗಡಿನ ಪ್ರೊಫೈಲ್ ಪ್ಲೇಟ್‌ಗಳಿರುತ್ತವೆ. ಅವುಗಳ ನಡುವಿನ ಕಿಂಡಿಯಲ್ಲಿ ಗಾಳಿ ನುಗ್ಗುವ ವೇಗವೇ ಉರಿಯ ಆಕಾರವನ್ನು ನಿರ್ಧರಿಸುತ್ತದೆ. ಸಾಮಾನ್ಯವಾಗಿ ಸಿಗುವ ಉದ್ದ ಬರ್ನರ್‌ಗಳಿಗೆ ನಿಮಿಷಕ್ಕೆ 2,500ರಿಂದ 3,000 ಅಡಿ ವೇಗ ಬೇಕು. ಅದಕ್ಕೆ ಒತ್ತಡ ಎಷ್ಟಿರಬೇಕು ಎಂದು ಮ್ಯಾನುಯಲ್‌ನಲ್ಲಿರುತ್ತದೆ.

ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗ 20 ಶೇಕಡ ಏರಿದರೆ ಒತ್ತಡ 44 ಶೇಕಡ ಏರುತ್ತದೆ. ಹಾಗಾಗಿ ಮ್ಯಾನೋಮೀಟರ್‌ನಲ್ಲಿ ವ್ಯತ್ಯಾಸ ದೊಡ್ಡದಾಗಿ ಕಂಡರೆ ಗಾಬರಿಯಾಗಿ ಪ್ಲೇಟ್‌ಗಳನ್ನು ಪೂರ್ತಿ ಸರಿಸಿಬಿಡಬೇಡಿ. ಸ್ವಲ್ಪ ಸರಿಸಿ, ಬಾಗಿಲು ಮುಚ್ಚಿ, ಮತ್ತೆ ಓದಿ. ಸರ್ವಿಸ್ ಬಾಗಿಲು ತೆರೆದಿಟ್ಟು ಓದಿದ ಅಂಕಿ ಸುಳ್ಳು.

ಇಲ್ಲಿ ಆಗುವ ದೊಡ್ಡ ತಪ್ಪು ಎಂದರೆ, ಕರೆಂಟ್ ಉಳಿಸೋಣ ಎಂದು ಯಾರೋ ಫ್ಯಾನ್‌ಗೆ ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಡ್ರೈವ್) ಹಾಕಿಸಿ ವೇಗ ಇಳಿಸಿರುತ್ತಾರೆ. ಗಾಳಿಗೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಪ್ರೊಫೈಲ್ ಇಲ್ಲದ ಹೀಟರ್‌ಗೆ ಹೀಗೆ ಮಾಡಿದರೆ ಉರಿ ಉದ್ದವಾಗಿ ಸೋಮಾರಿಯಾಗುತ್ತದೆ, ಸಿಓ ಮತ್ತು ನೈಟ್ರೋಜನ್ ಡೈಆಕ್ಸೈಡ್ ಏರುತ್ತವೆ. ಚಿಮಣಿ ಇಲ್ಲ ಅಲ್ವಾ? ಅದೆಲ್ಲ ಹೋಗುವುದು ಕೆಲಸಗಾರರ ಮೂಗಿಗೆ.

ಹಂತ 3: ಬರುವ ಗ್ಯಾಸ್ ಒತ್ತಡ

ಎರಡು ಸಲ ಓದಬೇಕು. ಬರ್ನರ್ ಆಫ್ ಇದ್ದಾಗ ಒಮ್ಮೆ, ಕಟ್ಟಡದ ಉಳಿದೆಲ್ಲ ಗ್ಯಾಸ್ ಉಪಕರಣಗಳೂ ಉರಿಯುತ್ತಾ ಈ ಹೀಟರ್ ದೊಡ್ಡ ಉರಿಯಲ್ಲಿ ಇದ್ದಾಗ ಇನ್ನೊಮ್ಮೆ. ನೇಮ್‌ಪ್ಲೇಟಿನ ಕನಿಷ್ಠಕ್ಕಿಂತ ಎರಡನೆಯದು ಕೆಳಗಿಳಿದರೆ ಹೀಟರ್‌ನದ್ದೇನೂ ತಪ್ಪಿಲ್ಲ. ಪೈಪ್ ಸಣ್ಣದು, ಇಲ್ಲವೇ ರೆಗ್ಯುಲೇಟರ್ ಸಾಲುತ್ತಿಲ್ಲ. ಮೊದಲನೆಯದು ಗರಿಷ್ಠಕ್ಕಿಂತ ಮೇಲಿದ್ದರೆ ರೆಗ್ಯುಲೇಟರ್ ಪೂರ್ತಿ ಮುಚ್ಚುತ್ತಿಲ್ಲ. ಹಾಗಿದ್ದಾಗ ಹೀಟರ್ ಹಚ್ಚಬೇಡಿ.

ರೆಗ್ಯುಲೇಟರ್‌ನ ಉಸಿರಾಟದ ತೂತು ಅಂದರೆ ವೆಂಟ್ ಅನ್ನೂ ನೋಡಿ. ಬಣ್ಣ ಬಳಿದು, ಹುಳ ಗೂಡು ಕಟ್ಟಿ ಅಥವಾ ಮಂಜುಗಡ್ಡೆ ಕೂತು ಅದು ಮುಚ್ಚಿಹೋದರೆ ಒಳಗಿನ ಡಯಾಫ್ರಾಮ್ ಸಲೀಸಾಗಿ ಅಲುಗಾಡುವುದಿಲ್ಲ. ಆಗ ಬಿಸಿ ತಡವಾಗಿ ಏರುತ್ತದೆ, ತಡವಾಗಿ ಇಳಿಯುತ್ತದೆ. ನೋಡಿದವರು ಬೋರ್ಡ್ ಕೆಟ್ಟಿದೆ ಅನ್ನುತ್ತಾರೆ.

ಹಂತ 4: ದೊಡ್ಡ ಉರಿ

ಕಂಟ್ರೋಲ್ ಅನ್ನು ಬಲವಂತವಾಗಿ ಪೂರ್ತಿ ಉರಿಗೆ ಕಳಿಸುವ ವಿಧಾನ ಮ್ಯಾನುಯಲ್‌ನಲ್ಲಿರುತ್ತದೆ, ಬಹುತೇಕ ಆಂಪ್ಲಿಫೈಯರ್‌ನ ಒಂದು ನಿರ್ದಿಷ್ಟ ವೈರ್ ಬಿಚ್ಚುವುದು. ಸುಮ್ನೆ ಡಯಲ್ ಮೇಲೆ ಮಾಡಿ "ಈಗ ಪೂರ್ತಿ ಇದೆ" ಎಂದುಕೊಳ್ಳಬೇಡಿ.

ಈ ಕೆಲಸ ಚಳಿ ದಿನ ಮಾಡಿ. ನಮ್ಮ ಉದಾಹರಣೆಯ ಹೀಟರ್ ದೊಡ್ಡ ಉರಿಯಲ್ಲಿ ಗಾಳಿಯನ್ನು 70° ಏರಿಸುತ್ತದೆ. ಹೊರಗೆ 20° ಇದ್ದರೆ 90° ಗಾಳಿ ಬರುತ್ತದೆ, ಪರವಾಗಿಲ್ಲ. ಹೊರಗೆ 60° ಇದ್ದಾಗ ಮಾಡಿದರೆ 130° ಗಾಳಿ ಒಳಗೆ ನುಗ್ಗುತ್ತದೆ, ಹೈ ಲಿಮಿಟ್, ಅಂದರೆ ಅತಿ ಬಿಸಿಯಾದರೆ ಬರ್ನರ್ ಆರಿಸುವ ಸ್ವಿಚ್, ಬಿದ್ದರೂ ಬೀಳಬಹುದು. ಒಳಗಿರುವವರಿಗೆ ಮೊದಲೇ ಹೇಳಿ.

ಮ್ಯಾನಿಫೋಲ್ಡ್ ಒತ್ತಡವನ್ನು, ಅಂದರೆ ಬರ್ನರ್‌ಗೆ ಹೋಗುವ ಗ್ಯಾಸ್‌ನ ಒತ್ತಡವನ್ನು, ಹೊರಗಿನ ಗಾಳಿಗೆ ಹೋಲಿಸಿ ಓದಬೇಡಿ, ಬರ್ನರ್ ಇರುವ ಜಾಗದ ಒತ್ತಡಕ್ಕೆ ಹೋಲಿಸಿ. ಫ್ಯಾನ್ ಗಾಳಿಯನ್ನು ಬರ್ನರ್ ಮೂಲಕ ಎಳೆಯುವ ಹೀಟರ್‌ಗಳಲ್ಲಿ ಆ ಜಾಗದ ಒತ್ತಡ ಮೈನಸ್‌ನಲ್ಲಿರುತ್ತದೆ. ಮ್ಯಾನೋಮೀಟರ್‌ನ ಎರಡನೇ ಕೊಳವೆಯನ್ನು ಬಿಟ್ಟಿದ್ದರೆ ಓದು ಕಡಿಮೆ ಬರುತ್ತದೆ, ಅದನ್ನು ನಂಬಿ ನೀವು ಗ್ಯಾಸ್ ಜಾಸ್ತಿ ಮಾಡಿಬಿಡುತ್ತೀರಿ.

ತಾಳೆ ನೋಡಲು ಎರಡು ದಾರಿ ಇವೆ. ಒಂದು, ಒಳಬರುವ ಮತ್ತು ಹೊರಹೋಗುವ ಗಾಳಿಯ ತಾಪದ ವ್ಯತ್ಯಾಸ. ನೇಮ್‌ಪ್ಲೇಟ್ 70 ಅಂದರೆ ಸುಮಾರು 70 ಬರಬೇಕು. ಎರಡು, ಗ್ಯಾಸ್ ಮೀಟರ್. ಬೇರೆಲ್ಲ ಉಪಕರಣ ಆಫ್ ಮಾಡಿ ಸ್ಟಾಪ್‌ವಾಚ್ ಹಿಡಿಯಿರಿ. ನೈಸರ್ಗಿಕ ಅನಿಲದ ಒಂದು ಘನ ಅಡಿಯಲ್ಲಿ ಸುಮಾರು 1,030 ಬಿಟಿಯು. 8,22,000 ಅಂದರೆ ಗಂಟೆಗೆ ಸುಮಾರು 798 ಘನ ಅಡಿ, ಹಾಗಾಗಿ 10 ಘನ ಅಡಿ ಸುಡಲು ಸುಮಾರು 45 ಸೆಕೆಂಡ್. ಮೀಟರ್‌ಗೆ ಬರುವ ಒತ್ತಡ ಜಾಸ್ತಿ ಇದ್ದರೆ ಅದರ ತಿದ್ದುಪಡಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ಎರಡು ದಾರಿಯ ಉತ್ತರ ತಾಳೆಯಾಗದಿದ್ದರೆ ಮತ್ತೆ ಹಂತ 2ಕ್ಕೆ ಹೋಗಿ, ಗಾಳಿಯಲ್ಲಿ ಏನೋ ತಪ್ಪಿದೆ.

ಹಂತ 5: ಸಣ್ಣ ಉರಿ, ಬಹುಪಾಲು ಜನ ಎಡವುವುದು ಇಲ್ಲೇ

ಡೈರೆಕ್ಟ್ ಫೈರ್ಡ್ ಬರ್ನರ್‌ಗಳು 25ಕ್ಕೆ 1ರಷ್ಟು ಇಳಿಯಬಲ್ಲವು, ಕೆಲವು ಅದಕ್ಕಿಂತಲೂ ಜಾಸ್ತಿ. ನಮ್ಮ ಹೀಟರ್‌ನ ದೊಡ್ಡ ಉರಿ 70° ಏರಿಸಿದರೆ ಸಣ್ಣ ಉರಿ ಏರಿಸುವುದು ಬರೀ 2.8°. ಇಷ್ಟಿದ್ದರೆ ಹೊರಗೆ 60° ಇದ್ದಾಗಲೂ 70ಕ್ಕೆ ಸರಿಯಾಗಿ ನಿಲ್ಲಿಸಬಹುದು.

ಈಗ ಯಾರೋ "ಉರಿ ಆರಿಹೋಗ್ತಿದೆ" ಎಂದು ಸಣ್ಣ ಉರಿಯ ಗ್ಯಾಸ್ ಹೊಂದಿಸುವ ಬೈಪಾಸ್ ಸ್ಕ್ರೂ ತಿರುಗಿಸಿ ಸಣ್ಣ ಉರಿಯನ್ನು ದಪ್ಪ ಮಾಡಿದ್ದಾರೆ ಅಂದುಕೊಳ್ಳಿ. ಅದು 25° ಏರಿಸುತ್ತಿದೆ. ಜನವರಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಆಗ ಬರ್ನರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಏಪ್ರಿಲ್‌ನಲ್ಲಿ ಹೊರಗೆ 60° ಆದಾಗ ವಾಲ್ವ್ ಪೂರ್ತಿ ಇಳಿದಿದ್ದರೂ 85° ಗಾಳಿ ಬರುತ್ತದೆ. ಡಯಲ್ ಎಷ್ಟು ಇಳಿಸಿದರೂ ಒಂದು ಡಿಗ್ರಿಯೂ ಕಡಿಮೆ ಆಗದು. ಸೆನ್ಸರ್ ಬದಲಿಸುವವರು, ಬೋರ್ಡ್ ಬದಲಿಸುವವರು ಎಲ್ಲರೂ ಸಾಲಾಗಿ ಬರುವುದು ಆಗಲೇ.

ಪತ್ತೆ ಮಾಡುವುದು ಸುಲಭ. ಬಿಸಿ ಜಾಸ್ತಿ ಬರುವಾಗ ವಾಲ್ವ್‌ನ ವೋಲ್ಟೇಜ್ ನೋಡಿ. ಕಂಟ್ರೋಲ್ ಆಗಲೇ "ಪೂರ್ತಿ ಇಳಿ" ಎಂದು ಹೇಳುತ್ತಿದ್ದರೆ ಅದರ ಕೆಲಸ ಅದು ಮಾಡಿದೆ. ತಪ್ಪು ಸಣ್ಣ ಉರಿಯ ಸೆಟ್ಟಿಂಗ್‌ನಲ್ಲಿದೆ, ಅಥವಾ ಕಸ ಸಿಕ್ಕಿಕೊಂಡು ವಾಲ್ವ್ ಸರಿಯಾಗಿ ಕೂರುತ್ತಿಲ್ಲ.

ಸಣ್ಣ ಉರಿಯನ್ನು ಮ್ಯಾನೋಮೀಟರ್ ನೋಡಿ ಇಡಲು ಹೋಗಬೇಡಿ. ಗ್ಯಾಸ್‌ನ ಹರಿವು ಒತ್ತಡದ ವರ್ಗಮೂಲದಂತೆ ಬದಲಾಗುತ್ತದೆ. ದೊಡ್ಡ ಉರಿಗೆ 5 ಇಂಚು ಬೇಕಿದ್ದರೆ 25ರಲ್ಲಿ ಒಂದು ಪಾಲು ಹರಿವಿಗೆ 5ರ 625ನೇ ಒಂದು ಭಾಗ, ಅಂದರೆ 0.008 ಇಂಚು ಸಾಕು. ಅದು ಯಾವ ಮೀಟರ್‌ನಲ್ಲಿ ನೆಟ್ಟಗೆ ಕಾಣುತ್ತದೆ? ಕಣ್ಣಲ್ಲೇ ಇಡಬೇಕು.

ವಾಲ್ವ್ ಅನ್ನು ಸಣ್ಣ ಉರಿಗೆ ಕಳಿಸಿ ನೋಡುಕಿಂಡಿಯಲ್ಲಿ ಕಣ್ಣಿಡಿ. ಬರ್ನರ್‌ನ ಈ ತುದಿಯಿಂದ ಆ ತುದಿಯವರೆಗೆ ತೆಳುವಾದ ನೀಲಿ ಗೆರೆ ಒಂದೇ ಸಮ ಹರಡಿರಬೇಕು. ಮಧ್ಯೆ ಕತ್ತಲ ಕಿಂಡಿ ಕಂಡರೆ ಅಥವಾ ಒಂದು ತುದಿಯಲ್ಲಿ ಉರಿ ಕುಣಿಯುತ್ತಿದ್ದರೆ ಗ್ಯಾಸ್ ಸಾಲದು, ಇಲ್ಲವೇ ಬರ್ನರ್ ತೂತುಗಳು ಕಟ್ಟಿಕೊಂಡಿವೆ. ತೂತು ಕಟ್ಟಿದ್ದಕ್ಕೆ ಗ್ಯಾಸ್ ಜಾಸ್ತಿ ಮಾಡುವುದು ಮದ್ದಲ್ಲ, ಕ್ಲೀನ್ ಮಾಡಿ. ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಒಂದು ನಿಮಿಷ ಕಾದು ನೋಡಿ. ಉರಿ ಸ್ಥಿರವಾದ ಮೇಲೆ ಬರ್ನರ್ ಅನ್ನು ಆರಿಸಿ ಮತ್ತೆ ಹಚ್ಚಿಸಿ. ಸಣ್ಣ ಉರಿಯಲ್ಲೇ ಸಲೀಸಾಗಿ ಹತ್ತಿ, ಉರಿ ಇದೆ ಎಂದು ತಿಳಿಸುವ ಫ್ಲೇಮ್ ಸಿಗ್ನಲ್ ಗಟ್ಟಿಯಾಗಿ ನಿಂತರೆ ಸರಿ. ಹನಿವೆಲ್ 7800 ಸರಣಿಯ ಕಂಟ್ರೋಲ್ ಇದ್ದರೆ ಆ ಸಿಗ್ನಲ್ 1.25 ವೋಲ್ಟ್ ಡಿಸಿಗಿಂತ ಕೆಳಗೆ ಇಳಿಯಬಾರದು.

ಇಷ್ಟೆಲ್ಲ ಸರಿ ಇದ್ದೂ ಹೊರಗೆ 68° ಇರುವ ದಿನ ಸೆಟ್‌ಪಾಯಿಂಟ್ ದಾಟಿದರೆ ಅದು ದೋಷವಲ್ಲ, ಸಣ್ಣ ಉರಿಗೂ ಒಂದು ತಳ ಇದ್ದೇ ಇರುತ್ತದೆ. ಅಂಥ ದಿನ ಬರ್ನರ್ ಹತ್ತಲೇಬಾರದು. ಹೊರಗಾಳಿಯ ಥರ್ಮೋಸ್ಟಾಟ್ ಇರುವುದೇ ಅದಕ್ಕೆ. ಅದನ್ನು ಯಾರಾದರೂ ಜಂಪರ್ ಹಾಕಿ ದಾಟಿಸಿದ್ದಾರಾ, ನೋಡಿ.

ಹಂತ 6: ಕಂಟ್ರೋಲ್ ಸಿಗ್ನಲ್

ಈಗ ಎಲೆಕ್ಟ್ರಾನಿಕ್ಸ್. ಹೆಚ್ಚಾಗಿ ಕಾಣುವ ಆಂಪ್ಲಿಫೈಯರ್-ಮಾಡ್ಯುಲೇಟರ್ ಜೋಡಿಯಲ್ಲಿ ವೋಲ್ಟೇಜ್ ಏರಿದಂತೆ ವಾಲ್ವ್ ತೆರೆಯುತ್ತದೆ, ವೈರ್ ಕಳಚಿದರೆ ಸಣ್ಣ ಉರಿಗೆ ಇಳಿಯುತ್ತದೆ. ಹೊಸ ಹೀಟರ್‌ಗಳಲ್ಲಿ 0–10 ವೋಲ್ಟ್ ಅಥವಾ 4–20 ಮಿಲಿಆಂಪ್ ಸಿಗ್ನಲ್ ಇರುತ್ತದೆ. ನಿಮ್ಮದು ಯಾವ ದಿಕ್ಕಿನದು ಎಂದು ಮ್ಯಾನುಯಲ್‌ನಲ್ಲಿ ಖಚಿತ ಮಾಡಿಕೊಂಡು, ವಾಲ್ವ್ ವೈರ್ ಕಳಚಿ ನೋಡಿ.

ವೋಲ್ಟೇಜ್ ಬದಲಾದರೂ ಉರಿ ಬದಲಾಗದಿದ್ದರೆ ತೊಂದರೆ ವಾಲ್ವ್ ಕಡೆ. ಸೆಟ್‌ಪಾಯಿಂಟ್ ತಿರುಗಿಸಿದರೂ ವೋಲ್ಟೇಜ್ ಅಲುಗಾಡದಿದ್ದರೆ ಬೋರ್ಡ್, ಸೆನ್ಸರ್ ಅಥವಾ ವೈರಿಂಗ್ ಕಡೆ.

ಹಂತ 7: ಉರಿ ಏರಿಳಿಯುತ್ತಲೇ ಇದ್ದರೆ

ಉರಿ ಉಯ್ಯಾಲೆ ಆಡುತ್ತಿದ್ದರೆ ಒಂದೇ ಪರೀಕ್ಷೆ ಊರೆಲ್ಲ ಹುಡುಕುವುದನ್ನು ತಪ್ಪಿಸುತ್ತದೆ. ಕಂಟ್ರೋಲರ್ ಅನ್ನು ಕೈಯಿಂದ ನಡೆಸುವ ಮೋಡ್‌ಗೆ ಹಾಕಿ 50 ಶೇಕಡಕ್ಕೆ ನಿಲ್ಲಿಸಿ. ಆ ಸೌಲಭ್ಯ ಇಲ್ಲದಿದ್ದರೆ ಸೆನ್ಸರ್ ಜಾಗದಲ್ಲಿ ಮ್ಯಾನುಯಲ್ ಹೇಳಿದಷ್ಟು ಓಮ್‌ನ ರೆಸಿಸ್ಟರ್ ಹಾಕಿ. ವಾಲ್ವ್‌ಗೆ ಒಂದೇ ಸಮ ವೋಲ್ಟೇಜ್ ಹೋಗುತ್ತಿದ್ದರೂ ಉರಿ ಏರಿಳಿದರೆ ಗ್ಯಾಸ್ ಕಡೆಯ ದೋಷ: ರೆಗ್ಯುಲೇಟರ್, ವೆಂಟ್, ಡಯಾಫ್ರಾಮ್. ಉರಿ ಅಲುಗದೆ ನಿಂತರೆ ಗ್ಯಾಸ್ ಸರಿ ಇದೆ, ಸೆನ್ಸರ್ ಮತ್ತು ಟ್ಯೂನಿಂಗ್ ನೋಡಿ.

ಸೆನ್ಸರ್ ಎಲ್ಲಿ ಕೂತಿದೆ ಅನ್ನುವುದೇ ಮುಖ್ಯ. ಬರ್ನರ್‌ಗೆ ಹತ್ತಿರ ಇದ್ದರೆ ಬಿಸಿ, ತಣ್ಣನೆ ಗಾಳಿ ಬೆರೆಯುವ ಮೊದಲೇ ಓದುತ್ತದೆ. ತುಂಬಾ ದೂರ ಇದ್ದರೆ ಸುದ್ದಿ ತಡವಾಗಿ ಮುಟ್ಟುತ್ತದೆ, ಅಷ್ಟರಲ್ಲಿ ವಾಲ್ವ್ ಅತಿ ಮಾಡಿರುತ್ತದೆ. ಮಿಕ್ಸಿಂಗ್ ಟ್ಯೂಬ್ ಜೊತೆ ಬಂದ ಸೆನ್ಸರ್ ಅನ್ನು ಟ್ಯೂಬ್ ಇಲ್ಲದೆ ಹಾಕಿರುವುದೂ ಉಂಟು. ಸೆನ್ಸರ್ ವೈರ್ ಮೋಟರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಹೋಗಬಾರದು. ಶೀಲ್ಡ್ ಕೇಬಲ್ ಹಾಕಿ, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿ.

ಸೆನ್ಸಿಟಿವಿಟಿ ತಿರುಗುಣಿಯನ್ನು ಕೊನೆಗೆ ಮುಟ್ಟಿ. ಉರಿಯ ಏರಿಳಿತ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪ ಇಳಿಸಿ, ಅಲ್ಲೇ ಬಿಡಿ. ಇದನ್ನೇ ಮೊದಲು ಇಳಿಸಿ ಬಾಕಿ ದೋಷ ಮುಚ್ಚಿಟ್ಟವರ ಹೀಟರ್ ಮೊದಲ ಚಳಿಗಾಳಿಗೇ ತಡಬಡಿಸುತ್ತದೆ.

ಹಂತ 8: ಸುರಕ್ಷತೆ ಪರೀಕ್ಷಿಸಿ, ಆಮೇಲೆ ಬಿಟ್ಟುಕೊಡಿ

ಬಿಚ್ಚಿದ ವೈರ್ ಎಲ್ಲ ವಾಪಸ್ ಹೋಗಿವೆಯೇ? ಅಳತೆಯ ಪೋರ್ಟ್‌ಗಳಿಗೆ ಪ್ಲಗ್ ಹಾಕಿ ಸೋಪಿನ ನೀರು ಬಿಟ್ಟಿದ್ದೀರಾ? ಗಾಳಿ ಇಲ್ಲದಾಗ ಏರ್‌ಫ್ಲೋ ಸ್ವಿಚ್ ಬರ್ನರ್ ಆರಿಸುತ್ತದೆಯೇ, ಎಕ್ಸಾಸ್ಟ್ ನಿಂತರೆ ಇಂಟರ್‌ಲಾಕ್ ಕೆಲಸ ಮಾಡುತ್ತದೆಯೇ, ಉರಿ ಆರಿದರೆ ಮುಖ್ಯ ವಾಲ್ವ್ ಮುಚ್ಚುತ್ತದೆಯೇ ಎಂದು ಒಂದೊಂದಾಗಿ ನೋಡಿ. ಕೊನೆಯ ಅಂಕಿಗಳನ್ನು ದಿನಾಂಕದ ಜೊತೆ ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿ.

ಈ ಲಕ್ಷಣ ಕಂಡರೆ ಹೊಂದಿಸಲು ಹೋಗಬೇಡಿ, ನಿಲ್ಲಿಸಿ

ಗ್ಯಾಸ್ ವಾಸನೆ. ಕೆಲಸಗಾರರಿಗೆ ತಲೆನೋವು, ಕಣ್ಣುರಿ. ಸಿಓ ಮೀಟರ್ ಸಣ್ಣ ಅಂಕಿ ತೋರಿಸುತ್ತಾ ಏರುತ್ತಲೇ ಇರುವುದು. ಹತ್ತುವಾಗ ಧಬ್ ಅನ್ನುವ ಸದ್ದು. ಪ್ಲೇಟ್‌ಗಳು ಸೊಟ್ಟಗಾಗಿ ಕೆಂಪಾಗುವುದು. ಆಫ್ ಮಾಡಿದ ಮೇಲೂ ಬರ್ನರ್‌ನಲ್ಲಿ ಉರಿ ಉಳಿಯುವುದು. ಸಣ್ಣ ಉರಿಯಲ್ಲಿ ಹಳದಿ ನಾಲಿಗೆ ಏಳುವುದು. ದೊಡ್ಡ ಉರಿಯಲ್ಲಿ ತುದಿ ಹಳದಿಯಾಗುವುದು ಕೆಲವು ಬರ್ನರ್‌ಗಳಲ್ಲಿ ಸಹಜ, ಸಣ್ಣ ಉರಿಯಲ್ಲಿ ಅಲ್ಲ.

ಹೈ ಲಿಮಿಟ್ ಮತ್ತೆ ಮತ್ತೆ ಬೀಳುತ್ತಿದ್ದರೆ ಕೈಯಿಂದ ರೀಸೆಟ್ ಒತ್ತುತ್ತಾ ಕೂರಬೇಡಿ, ಜಂಪರ್ ಅಂತೂ ಹಾಕಲೇಬೇಡಿ. ಕೈಯಿಂದ ಮುಚ್ಚುವ ಗ್ಯಾಸ್ ವಾಲ್ವ್ ಮುಚ್ಚಿ, ಬೀಗ ಮತ್ತು ಟ್ಯಾಗ್ ಹಾಕಿ, ಲೈಸೆನ್ಸ್ ಇರುವವರನ್ನು ಕರೆಯಿರಿ. ಗ್ಯಾಸ್ ವಾಸನೆ ಗಾಢವಾಗಿದ್ದರೆ ಸ್ವಿಚ್ ಯಾವುದನ್ನೂ ಮುಟ್ಟದೆ, ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ ಅಲ್ಲಿಂದ ಫೋನ್ ಮಾಡಿ.